ಕಾರು ಒಂದೇ ಕಡೆ ಎಳೆಯುತ್ತಿದೆಯೇ? ಅಲೈನ್‌ಮೆಂಟ್‌ಗೆ ಓಡುವ ಮುನ್ನ ಈ ಪರೀಕ್ಷೆಗಳನ್ನು ಮಾಡಿ ನೋಡಿ

ಪುಣೆ: ಬೆಂಗಳೂರಿನಿಂದ ಪುಣೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 840 ಕಿ.ಮೀ. ದೂರ. ಹಬ್ಬ, ಮದುವೆ, ರಜೆ ಎಂದು ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆಗೆ ಸ್ವಂತ ಕಾರಿನಲ್ಲೇ ಹೋಗಿ ಬರುವ ಪುಣೆ ಕನ್ನಡಿಗರು ಸಾಕಷ್ಟಿದ್ದಾರೆ. ಕಲಬುರಗಿ, ವಿಜಯಪುರ ಕಡೆಯವರು ಸೊಲ್ಲಾಪುರ ಮಾರ್ಗ ಹಿಡಿಯುತ್ತಾರೆ. ಇಂಥ ದೂರದ ಪ್ರಯಾಣದಲ್ಲೇ ಅನೇಕರಿಗೆ ಒಂದು ವಿಷಯ ಅರಿವಿಗೆ ಬರುತ್ತದೆ: ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಡಿ ತಾನಾಗಿಯೇ ಎಡಕ್ಕೋ ಬಲಕ್ಕೋ ಹೋಗುತ್ತದೆ.

ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ವೀಲ್ ಅಲೈನ್‌ಮೆಂಟ್ ಮಾಡಿಸುವುದು. ದುಡ್ಡು ಕೊಟ್ಟು ಹೊರಬಂದ ಮೇಲೂ ಗಾಡಿ ಮತ್ತೆ ಅದೇ ಕಡೆ ಎಳೆಯುತ್ತದೆ. ಮತ್ತೊಂದು ಅಂಗಡಿ, ಮತ್ತೊಂದು ಅಲೈನ್‌ಮೆಂಟ್. ಕೊನೆಗೆ 'ಈ ಗಾಡಿಯ ಗುಣವೇ ಇಷ್ಟು' ಎಂದು ಸುಮ್ಮನಾಗುವವರೂ ಇದ್ದಾರೆ.

ಹಾಗೆ ಸುಮ್ಮನಾಗುವುದು ಅಪಾಯ. ಕಾರು ಎಳೆಯುವುದು ಒಂದೇ ಕಾಯಿಲೆಯಲ್ಲ, ಹಲವು ಕಾಯಿಲೆಗಳಿಗಿರುವ ಒಂದೇ ಲಕ್ಷಣ. ಅವುಗಳಲ್ಲಿ ಕೆಲವು ಟೈರ್‌ಗೆ ಗಾಳಿ ಹಾಕಿಸಿದರೆ ಸರಿಹೋಗುತ್ತವೆ. ಕೆಲವು ಬ್ರೇಕ್ ಕೈಕೊಡುವ ಮುನ್ಸೂಚನೆಯೂ ಆಗಿರಬಹುದು. ಯಾವುದು ಯಾವುದೆಂದು ತಿಳಿಯಲು 'ಯಾವ ಕಡೆ ಎಳೆಯುತ್ತದೆ' ಎನ್ನುವುದಕ್ಕಿಂತ 'ಯಾವಾಗ ಎಳೆಯುತ್ತದೆ' ಎಂಬ ಪ್ರಶ್ನೆಯೇ ಹೆಚ್ಚು ನೆರವಾಗುತ್ತದೆ.

ಒಂದು ಡಿಗ್ರಿ ತಪ್ಪಿದರೆ ಏನಾಗುತ್ತದೆ?

ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಹಿಂದಿನ ಸೀಟಿನಲ್ಲಿ ಅಳುತ್ತಿರುವ ಮಗುವಿನ ಕಡೆ ಎರಡು ಸೆಕೆಂಡ್ ತಿರುಗಿ ನೋಡಿದರೆ 44 ಮೀಟರ್. ಅಷ್ಟರಲ್ಲಿ ಕಾರಿನ ಮೂತಿ ಬರೀ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದ್ದರೂ ಗಾಡಿ ಮುಕ್ಕಾಲು ಮೀಟರ್‌ನಷ್ಟು ಸರಿದಿರುತ್ತದೆ. ಹೆದ್ದಾರಿಯ ಒಂದು ಲೇನ್ 3.5 ಮೀಟರ್ ಅಗಲ. ಸಣ್ಣ ಕಾರಿನ ಅಗಲ ಸುಮಾರು 1.7 ಮೀಟರ್. ಲೇನ್ ಮಧ್ಯದಲ್ಲಿದ್ದರೂ ಎರಡೂ ಬದಿಗೆ ಸಿಗುವ ಜಾಗ ಒಂದು ಮೀಟರ್‌ಗೂ ಕಡಿಮೆ. ಪಕ್ಕದಲ್ಲಿ ಲಾರಿ ಇದ್ದರೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರದ ತಪಾಸಣೆಯಲ್ಲಿ ಇದು ಸಿಕ್ಕಿಬೀಳುತ್ತದೆ ಎಂದೂ ನಂಬಿ ಕೂರುವಂತಿಲ್ಲ. ಹೊಸ ಮಾದರಿಯ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದೇಶದ ಪ್ರಮುಖ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ, ಅಂದರೆ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ, 1966ರಿಂದ ಇದೇ ಪುಣೆಯಲ್ಲಿದೆ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಮಾರುಕಟ್ಟೆಗೆ ಬರಬೇಕಾದ ಮಾದರಿ, ನಿಮ್ಮ ಮನೆ ಮುಂದೆ ನಿಂತಿರುವ ಕಾರಲ್ಲ. ಟ್ಯಾಕ್ಸಿ, ಲಾರಿ, ಬಸ್‌ಗಳಿಗೆ ನಿಯಮಿತವಾಗಿ ಫಿಟ್‌ನೆಸ್ ಪರೀಕ್ಷೆ ಕಡ್ಡಾಯ. ಖಾಸಗಿ ಕಾರಿನ ನೋಂದಣಿಗೆ ಮಾತ್ರ 15 ವರ್ಷ ಮಾನ್ಯತೆ ಇರುತ್ತದೆ. ಅಲ್ಲಿಯವರೆಗೆ ಆ ಕಾರಿಗೆ ಮಾಲೀಕರೇ ಇನ್ಸ್‌ಪೆಕ್ಟರ್.

ಮೊದಲು ರಸ್ತೆಯ ಪಾತ್ರವನ್ನು ಕಳೆಯಿರಿ

ಮಳೆನೀರು ನಿಲ್ಲದೆ ಹರಿದುಹೋಗಲೆಂದು ರಸ್ತೆಗಳನ್ನು ಅಂಚಿನ ಕಡೆಗೆ ತುಸು ಇಳಿಜಾರಾಗಿ ಕಟ್ಟುತ್ತಾರೆ. ಈ ಇಳಿಜಾರು ಸಾಮಾನ್ಯವಾಗಿ ಶೇ. 2ರಿಂದ 2.5. ಅಂದರೆ 3.5 ಮೀಟರ್ ಅಗಲದ ಲೇನ್‌ನ ಒಂದು ಅಂಚು ಮತ್ತೊಂದಕ್ಕಿಂತ 7ರಿಂದ 9 ಸೆಂ.ಮೀ. ತಗ್ಗಿನಲ್ಲಿರುತ್ತದೆ. ನಾವು ಓಡಿಸುವುದು ರಸ್ತೆಯ ಎಡಭಾಗದಲ್ಲಿ. ಹೀಗಾಗಿ ಯಾವ ದೋಷವೂ ಇಲ್ಲದ ಕಾರು ಕೂಡ ನಿಧಾನವಾಗಿ ಎಡಕ್ಕೆ ಜಾರುವುದು ಸಹಜ.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಕಾರು ಎಡಕ್ಕೆ ಮೆಲ್ಲಗೆ ಜಾರಿದರೆ ಅದು ರಸ್ತೆಯ ಗುಣವಿರಬಹುದು. ನೇರ ರಸ್ತೆಯಲ್ಲಿ ಬಲಕ್ಕೆ ಎಳೆದರೆ ಬಹುತೇಕ ಕಾರಿನದ್ದೇ ದೋಷ, ಏಕೆಂದರೆ ಅದು ಇಳಿಜಾರಿನ ವಿರುದ್ಧ ಹೋಗುತ್ತಿದೆ.

ಗಾಳಿಯನ್ನೂ ಮರೆಯಬೇಡಿ. ಚಿತ್ರದುರ್ಗದ ಬಳಿ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಅಂಥ ಬಯಲಿನಲ್ಲಿ ಅಡ್ಡಗಾಳಿ ಬೀಸಿದಾಗ, ಇಲ್ಲವೇ ದೊಡ್ಡ ಲಾರಿಯನ್ನು ಹಿಂದಿಕ್ಕುವಾಗ, ಎತ್ತರದ ಕಾರುಗಳು ಪಕ್ಕಕ್ಕೆ ತಳ್ಳಿದಂತಾಗುತ್ತವೆ. ಗಾಳಿ ನಿಂತಾಗ ಎಳೆತವೂ ನಿಂತರೆ ಚಿಂತೆ ಬೇಡ.

ಪರೀಕ್ಷೆಗೆ ಸಂಚಾರವಿಲ್ಲದ, ನೇರವಾದ, ಆದಷ್ಟು ಸಮತಟ್ಟಾದ ರಸ್ತೆಯನ್ನು ಆರಿಸಿಕೊಳ್ಳಿ. 50 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ಮೇಲಿನ ಹಿಡಿತವನ್ನು ಸಡಿಲಿಸಿ, ಆದರೆ ಕೈಯನ್ನು ಪೂರ್ತಿ ತೆಗೆಯಬೇಡಿ. ಕನಿಷ್ಠ ಎರಡು ಮೂರು ಬೇರೆ ರಸ್ತೆಗಳಲ್ಲಿ ಹೀಗೆ ಮಾಡಿ. ಎಲ್ಲ ಕಡೆಯೂ ಒಂದೇ ದಿಕ್ಕಿಗೆ, ಒಂದೇ ಬಲದಿಂದ ಎಳೆದರೆ ಸಮಸ್ಯೆ ಕಾರಿನಲ್ಲಿದೆ.

ಯಾವಾಗ ಎಳೆಯುತ್ತದೆ? ನಾಲ್ಕು ಉತ್ತರಗಳು

1. ಸದಾ ಎಳೆಯುತ್ತದೆ: ಟೈರ್ ಗಾಳಿ, ಟೈರ್‌ನ ದೋಷ, ಹಿಡಿದುಕೊಂಡಿರುವ ಬ್ರೇಕ್ ಅಥವಾ ಚಕ್ರಗಳ ಕೋನದಲ್ಲಿ ವ್ಯತ್ಯಾಸ.

2. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತದೆ: ಮೊದಲ ಅನುಮಾನ ಬ್ರೇಕ್ ಮೇಲೆ, ನಂತರ ಸಸ್ಪೆನ್ಷನ್ ಬುಷ್‌ಗಳ ಮೇಲೆ.

3. ಆಕ್ಸಿಲರೇಟರ್ ಒತ್ತಿದಾಗ ಎಳೆದು, ಬಿಟ್ಟಾಗ ನಿಲ್ಲುತ್ತದೆ: ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಶಕ್ತಿಶಾಲಿ ಕಾರುಗಳಲ್ಲಿ ಇದು ಸ್ವಲ್ಪ ಮಟ್ಟಿಗೆ ಸಹಜ. ಮೊದಲು ಇರದೆ ಈಗ ಶುರುವಾಗಿದ್ದರೆ ಲೋವರ್ ಆರ್ಮ್ ಬುಷ್, ಎಂಜಿನ್ ಮೌಂಟ್‌ಗಳನ್ನು ನೋಡಿಸಿ.

4. ಗುಂಡಿಗೆ ಬಿದ್ದ ಮೇಲೆ, ಅಪಘಾತದ ರಿಪೇರಿಯ ನಂತರ ಅಥವಾ ಟೈರ್ ಬದಲಿಸಿದ ಮೇಲೆ ಶುರುವಾಗಿದೆ: ಕೊನೆಯದಾಗಿ ಏನು ನಡೆಯಿತೋ ಅಲ್ಲಿಂದಲೇ ಹುಡುಕಾಟ ಆರಂಭಿಸಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ಕಾರು ನೇರವಾಗಿಯೇ ಹೋಗುತ್ತಿದೆ, ಆದರೆ ಸ್ಟೀರಿಂಗ್ ಮಾತ್ರ ಓರೆಯಾಗಿ ನಿಂತಿದೆ ಎಂದರೆ ಅದು ಎಳೆತವಲ್ಲ. ಅದು ಸಾಮಾನ್ಯವಾಗಿ ಅಲೈನ್‌ಮೆಂಟ್‌ನಿಂದ ಸರಿಹೋಗುವ ಸಮಸ್ಯೆ.

ಮೊದಲ ಹೆಜ್ಜೆ: ಗಾಳಿ

ಎಡ ಮತ್ತು ಬಲ ಟೈರ್‌ಗಳಲ್ಲಿ ಗಾಳಿ ಸಮನಾಗಿಲ್ಲದಿದ್ದರೆ ಕಡಿಮೆ ಗಾಳಿ ಇರುವ ಟೈರ್ ಹೆಚ್ಚು ಚಪ್ಪಟೆಯಾಗಿ ಉರುಳುತ್ತದೆ. ಆ ಬದಿಯಲ್ಲಿ ತಡೆ ಹೆಚ್ಚಾಗಿ ಕಾರು ಅದೇ ಕಡೆ ಎಳೆಯುತ್ತದೆ. ಎಷ್ಟು ಗಾಳಿ ಇರಬೇಕು ಎನ್ನುವುದು ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರ್‌ನಲ್ಲಿರುತ್ತದೆ. ಟೈರ್ ಮೇಲೆ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿಯನ್ನು ಹೇಳುತ್ತದೆಯೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವನ್ನಲ್ಲ.

ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಬೆಳಗಾವಿಯಿಂದ ಬಿಸಿಲಲ್ಲಿ ಓಡಿಸಿಕೊಂಡು ಬಂದ ತಕ್ಷಣ ಅಳೆದರೆ ಮೀಟರ್ ಹೆಚ್ಚು ತೋರಿಸುತ್ತದೆ. 'ಜಾಸ್ತಿಯಾಗಿದೆ' ಎಂದು ಬಿಟ್ಟುಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆಯಾಗಿರುತ್ತದೆ. ಬಿಸಿಲಿಗೆ ನಿಂತಿದ್ದ ಬದಿಯ ಟೈರ್ ನೆರಳಿನ ಬದಿಯದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಆದ್ದರಿಂದ ನೆರಳಲ್ಲಿ, ಗಾಡಿ ಮೂರ್ನಾಲ್ಕು ಗಂಟೆ ನಿಂತ ಮೇಲೆ ನಾಲ್ಕೂ ಟೈರ್‌ಗಳನ್ನು ಒಂದೇ ಮೀಟರ್‌ನಲ್ಲಿ ಅಳೆಯಿರಿ. ವಾರಕ್ಕೊಮ್ಮೆ ಒಂದೇ ಟೈರ್‌ನಲ್ಲಿ ಗಾಳಿ ಇಳಿಯುತ್ತಿದ್ದರೆ ಸಣ್ಣ ಪಂಕ್ಚರ್, ವಾಲ್ವ್ ಅಥವಾ ಬಾಗಿದ ರಿಮ್ ಕಾರಣವಾಗಿರಬಹುದು.

ಎರಡನೇ ಹೆಜ್ಜೆ: ಟೈರ್ ಅದಲು ಬದಲು

ಗಾಳಿ ಸರಿಯಿದ್ದೂ ಎಳೆಯುತ್ತಿದೆಯೇ? ಈಗ ಟೈರ್‌ಗಳನ್ನೇ ನೋಡಿ. ಎಡಕ್ಕೊಂದು ಕಂಪನಿ, ಬಲಕ್ಕೊಂದು ಕಂಪನಿಯ ಟೈರ್ ಇದ್ದರೆ, ಒಂದು ಹೊಸದು ಇನ್ನೊಂದು ಸವೆದದ್ದಾದರೆ, ಎಳೆತಕ್ಕೆ ಅಷ್ಟೇ ಸಾಕು. ಟೈರ್‌ನ ಪಕ್ಕದಲ್ಲಿ ಉಬ್ಬು ಕಂಡರೆ ಒಳಗಿನ ಪದರ ಹರಿದಿದೆ ಎಂದರ್ಥ. ಅದರ ಮೇಲೆ ಹೆದ್ದಾರಿಗೆ ಇಳಿಯಲೇಬೇಡಿ. ಕಾರಿನ ಟೈರ್‌ನ ತುಳಿಭಾಗದ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಅದನ್ನು ಬಳಸುವಂತಿಲ್ಲ.

ಕಣ್ಣಿಗೆ ಕಾಣದ ದೋಷವೂ ಇರುತ್ತದೆ. ರೇಡಿಯಲ್ ಟೈರ್ ತಯಾರಿಕೆಯಲ್ಲಿ ಒಳಗಿನ ಉಕ್ಕಿನ ಪಟ್ಟಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಟೈರ್ ನೇರವಾಗಿ ಉರುಳದೆ ಐಸ್‌ಕ್ರೀಂ ಕೋನ್‌ನಂತೆ ಒಂದು ಕಡೆಗೆ ತಿರುಗಲು ನೋಡುತ್ತದೆ. ಹೊಚ್ಚ ಹೊಸ ಟೈರ್ ಹಾಕಿಸಿದ ಮೇಲೆ ಎಳೆತ ಶುರುವಾದರೆ ಇದನ್ನು ಅನುಮಾನಿಸಬೇಕು.

ಪತ್ತೆ ಮಾಡುವ ವಿಧಾನ ಸರಳ. ಮುಂದಿನ ಎರಡು ಚಕ್ರಗಳನ್ನು ಎಡ-ಬಲ ಅದಲು ಬದಲು ಮಾಡಿಸಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತ ಎದುರು ದಿಕ್ಕಿಗೆ ತಿರುಗಿದರೆ ಅಥವಾ ಮಾಯವಾದರೆ ತಪ್ಪು ಟೈರ್‌ನದ್ದು. ಮೊದಲಿನ ಕಡೆಗೇ ಎಳೆದರೆ ಟೈರ್ ನಿರ್ದೋಷಿ. ಪಂಕ್ಚರ್ ಅಂಗಡಿಯಲ್ಲಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಬಿಟ್ಟು ಅಲೈನ್‌ಮೆಂಟ್‌ಗೆ ಹೋಗುವುದರಿಂದಲೇ ಎಷ್ಟೋ ದುಡ್ಡು ಪೋಲಾಗುತ್ತದೆ. ಒಂದು ಎಚ್ಚರಿಕೆ: ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರ್‌ಗಳನ್ನು ಎಡ-ಬಲ ಬದಲಿಸಬಾರದು. ಅಂಥವನ್ನು ಅದೇ ಬದಿಯ ಹಿಂದಿನ ಚಕ್ರದೊಂದಿಗೆ ಬದಲಿಸಿ ನೋಡಿ.

ಮೂರನೇ ಹೆಜ್ಜೆ: ಬ್ರೇಕ್

ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆದರೆ ಎಡ ಬ್ರೇಕ್‌ನಲ್ಲೇ ದೋಷವಿದೆ ಎಂದು ಎಷ್ಟೋ ಜನ ತಿಳಿಯುತ್ತಾರೆ. ಅನೇಕ ಸಲ ವಿಷಯ ಉಲ್ಟಾ ಇರುತ್ತದೆ. ಕಾರು ಎಳೆಯುವುದು ಬ್ರೇಕ್ ಬಲವಾಗಿ ಹಿಡಿಯುವ ಕಡೆಗೆ. ಎಡಕ್ಕೆ ಎಳೆಯುತ್ತಿದೆ ಎಂದರೆ ಬಲಗಡೆಯ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲದೆಯೂ ಇರಬಹುದು. ಹೀಗಾಗಿ ಒಂದೇ ಚಕ್ರ ಬಿಚ್ಚಿ ನೋಡಿ ಮುಗಿಸದೆ ಎರಡೂ ಬದಿಯನ್ನು ಹೋಲಿಸಿ ನೋಡಬೇಕು.

ಕ್ಯಾಲಿಪರ್‌ನ ಪಿನ್ನುಗಳು ತುಕ್ಕು, ಕೆಸರಿನಿಂದ ಜಾಮ್ ಆಗುವುದು, ಪ್ಯಾಡ್‌ಗೆ ಎಣ್ಣೆ ಅಥವಾ ಗ್ರೀಸ್ ತಾಗುವುದು, ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪ್ ಒಳಗೇ ಊದಿಕೊಂಡು ಮುಚ್ಚಿಹೋಗುವುದು, ಲೈನ್‌ನಲ್ಲಿ ಗಾಳಿ ಸೇರುವುದು ಸಾಮಾನ್ಯ ಕಾರಣಗಳು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೊಸೈಟಿಯ ಪಾರ್ಕಿಂಗ್‌ನಲ್ಲೇ ನಿಂತ ಕಾರುಗಳಲ್ಲಿ ಪಿನ್ನು ಜಾಮ್ ಆಗುವ ಸಾಧ್ಯತೆ ಹೆಚ್ಚು.

ಬ್ರೇಕ್ ಬಿಟ್ಟ ಮೇಲೂ ಒಂದು ಚಕ್ರದಲ್ಲಿ ಅದು ಹಿಡಿದುಕೊಂಡೇ ಇದ್ದರೆ ಕಾರು ಸದಾ ಆ ಕಡೆ ಎಳೆಯುತ್ತದೆ. ಮೈಲೇಜ್ ಕಡಿಮೆಯಾಗುತ್ತದೆ, ಸುಟ್ಟ ವಾಸನೆಯೂ ಬರಬಹುದು. ಪತ್ತೆ ಮಾಡುವುದು ಹೀಗೆ: ಹೆಚ್ಚು ಬ್ರೇಕ್ ಬಳಸದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ಬಳಿ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಮುಂದಿನ ಎರಡು ಚಕ್ರಗಳ ಪೈಕಿ ಒಂದು ಎದ್ದುಕಾಣುವಷ್ಟು ಬಿಸಿಯಾಗಿದ್ದರೆ ಅಲ್ಲೇ ದೋಷವಿದೆ.

ಇಲ್ಲಿ ಪುಣೆಯ ಮಾತು ಮತ್ತೆ ಬರುತ್ತದೆ. ಸಾತಾರಾ ಕಡೆಯಿಂದ ಬರುವವರು ಕಾತ್ರಜ್‌ನ ಹೊಸ ಸುರಂಗ ದಾಟಿದರೆ ಅಲ್ಲಿಂದ ನವಲೆ ಸೇತುವೆಯವರೆಗೆ ಉದ್ದದ ಇಳಿಜಾರು. 2022ರ ನವೆಂಬರ್ 20ರ ರಾತ್ರಿ ಇದೇ ಭಾಗದಲ್ಲಿ ಭಾರೀ ವಾಹನವೊಂದು ನಿಯಂತ್ರಣ ತಪ್ಪಿ ನುಗ್ಗಿದ್ದರಿಂದ ಸುಮಾರು 48 ವಾಹನಗಳು ಜಖಂಗೊಂಡಿದ್ದವು. ಇಲ್ಲಿ ಮುಂದಿನ ಗಾಡಿ ಯಾವಾಗ ನಿಲ್ಲುತ್ತದೆ ಎಂದು ಹೇಳಲಾಗದು. ಅಂಥ ಕಡೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ನಿಮ್ಮ ಕಾರು ನೇರವಾಗಿ ನಿಲ್ಲದೆ ಪಕ್ಕದ ಲೇನ್‌ಗೆ ತಿರುಗಿದರೆ? ಕಾರಿನಲ್ಲಿ ಎಬಿಎಸ್ ಇದೆಯಲ್ಲ ಎಂಬ ಸಮಾಧಾನವೂ ಸಾಲದು. ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತದೆ, ಜಾಮ್ ಆದ ಕ್ಯಾಲಿಪರ್ ರಿಪೇರಿ ಮಾಡುವುದಿಲ್ಲ.

ಉದ್ದ ಇಳಿಜಾರಿನಲ್ಲಿ ಕಡಿಮೆ ಗೇರ್‌ನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಬೇಡಿ. ಹಾಗೆ ಮಾಡಿದರೆ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಒಂದು ಬದಿಯ ಬ್ರೇಕ್ ಮೊದಲೇ ದುರ್ಬಲವಾಗಿದ್ದರೆ ಬಿಸಿ ಏರಿದಂತೆ ಎಳೆತವೂ ಏರುತ್ತದೆ.

ಬ್ರೇಕ್ ಒತ್ತಿದಾಗ ಎಳೆಯುವ ಕಾರನ್ನು 'ಮುಂದಿನ ಸರ್ವಿಸ್‌ಗೆ ನೋಡೋಣ' ಎಂದು ಮುಂದೂಡಲೇಬಾರದು. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅದು ಇದು.

ನಾಲ್ಕನೇ ಹೆಜ್ಜೆ: ಕೆಳಗಿನ ಭಾಗಗಳು

ಗುಂಡಿ, ಬಣ್ಣ ಬಳಿಯದ ಹಂಪ್, ಅರ್ಧ ಮುಗಿದ ಕಾಮಗಾರಿ ಇವೆಲ್ಲ ಮೊದಲು ಹೊಡೆಯುವುದು ಸಸ್ಪೆನ್ಷನ್‌ಗೆ. ಲೋವರ್ ಆರ್ಮ್ ಬುಷ್ ಹರಿದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ದಿಕ್ಕು ಬದಲಿಸುತ್ತದೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸವೆದರೆ ಚಕ್ರ ಒಂದೇ ಕೋನದಲ್ಲಿ ನಿಲ್ಲುವುದಿಲ್ಲ. ಸ್ಪ್ರಿಂಗ್ ತುಂಡಾದರೆ ಗಾಡಿ ಆ ಮೂಲೆಗೆ ತಗ್ಗಿ ನಿಲ್ಲುತ್ತದೆ.

ಗ್ಯಾರೇಜಿನಲ್ಲಿ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ಇಟ್ಟ ಮೇಲೆ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ-ಬಲ ಹಿಡಿದು ಅಲುಗಿಸಿದಾಗ ಮಾತ್ರ ಕಂಡರೆ ಟೈ ರಾಡ್ ಕಡೆ ಬೆರಳು ತೋರಿಸಬಹುದು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತೂರಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೂ ಇದು ದೊಡ್ಡ ಸುಳಿವು. ಟೈರ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿದರೂ ಎಳೆಯುವ ಕಾರು ಹಿಂದೆ ಅಪಘಾತದಲ್ಲಿ ಪೆಟ್ಟು ತಿಂದಿರಬಹುದು. ಬಾಗಿದ ಸಬ್‌ಫ್ರೇಮ್ ಅನ್ನು ಹೊಸ ಬಣ್ಣ ಮುಚ್ಚಿಡಬಲ್ಲದು, ಸ್ಟೀರಿಂಗ್ ಮುಚ್ಚಿಡುವುದಿಲ್ಲ.

ಕೊನೆಯ ಹೆಜ್ಜೆ: ಅಲೈನ್‌ಮೆಂಟ್

ಟೈರ್, ಬ್ರೇಕ್, ಬುಷ್ ಸರಿಯಿವೆ ಎಂದು ಖಚಿತವಾದ ಮೇಲೆ ಅಲೈನ್‌ಮೆಂಟ್ ಮಾಡಿಸಿದರೆ ಕೊಟ್ಟ ದುಡ್ಡಿಗೆ ಬೆಲೆ. ಯಂತ್ರ ಮುಖ್ಯವಾಗಿ ಮೂರು ಕೋನಗಳನ್ನು ಅಳೆಯುತ್ತದೆ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎದುರಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೆನಪಿಸಿಕೊಳ್ಳಿ.

ಎಡ-ಬಲಗಳ ನಡುವೆ ಕ್ಯಾಂಬರ್ ಅಥವಾ ಕ್ಯಾಸ್ಟರ್ ವ್ಯತ್ಯಾಸ ಹೆಚ್ಚಿದಾಗ ಕಾರು ಎಳೆಯುತ್ತದೆ. ಸಾಮಾನ್ಯ ಲೆಕ್ಕದಲ್ಲಿ ಅರ್ಧ ಡಿಗ್ರಿ ದಾಟಿದರೆ ಗಮನಿಸಬೇಕು. ಮುಂದಿನ ಟೋ ತಪ್ಪಿದರೆ ಟೈರ್ ಬೇಗ ಸವೆಯುತ್ತದೆ, ಸ್ಟೀರಿಂಗ್ ಓರೆಯಾಗುತ್ತದೆ, ಆದರೆ ಅದೊಂದರಿಂದಲೇ ಕಾರು ಎಳೆಯುವುದು ಕಡಿಮೆ. ಗುಟ್ಟು ಇರುವುದು ಇಲ್ಲೇ: ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸುಲಭವಾಗಿ ಹೊಂದಿಸಲು ಬರುವುದು ಮುಂದಿನ ಟೋ ಮಾತ್ರ. ಕ್ಯಾಂಬರ್, ಕ್ಯಾಸ್ಟರ್ ಹೊಂದಿಸಲು ಕಂಪನಿಯೇ ಅವಕಾಶ ಇಟ್ಟಿರುವುದಿಲ್ಲ. ಅವು ತಪ್ಪಿವೆ ಎಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ, ಅದನ್ನೇ ಬದಲಿಸಬೇಕು. ಅಲೈನ್‌ಮೆಂಟ್ ಮಾಡಿಸಿದರೂ ಎಳೆತ ಹೋಗದಿರುವುದಕ್ಕೆ ಇದೇ ಮುಖ್ಯ ಕಾರಣ.

ಆದ್ದರಿಂದ ಅಲೈನ್‌ಮೆಂಟ್‌ಗೆ ಮೊದಲು ಮತ್ತು ನಂತರದ ಎರಡೂ ರಿಪೋರ್ಟ್‌ಗಳನ್ನು ಕೇಳಿ ಪಡೆಯಿರಿ. ಟೋ ಹಸಿರಾಗಿದ್ದು ಕ್ಯಾಂಬರ್ ಇನ್ನೂ ಕೆಂಪು ತೋರಿಸುತ್ತಿದ್ದರೆ 'ಆಯ್ತು ಸಾರ್' ಎಂಬ ಮಾತನ್ನು ಒಪ್ಪಬೇಡಿ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕೆಲವು ಕಾರುಗಳಲ್ಲಿ ಅಲೈನ್‌ಮೆಂಟ್ ನಂತರ ಸ್ಟೀರಿಂಗ್ ಕೋನದ ಸೆನ್ಸರ್ ಅನ್ನು ಸ್ಕ್ಯಾನರ್ ಹಾಕಿ ಮತ್ತೆ ಹೊಂದಿಸಬೇಕಾಗುತ್ತದೆ. ಅದನ್ನೂ ಕೇಳಿ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

ಪುಣೆಯ ಗ್ಯಾರೇಜಿನಲ್ಲಿ 'ಗಾಡಿ ಡಾವೀಕಡೆ ಓಢತೇ' ಎಂದರೆ ಎಡಕ್ಕೆ ಎಳೆಯುತ್ತಿದೆ ಎಂದು ಅವರಿಗೆ ತಿಳಿಯುತ್ತದೆ. ಬಲಕ್ಕಾದರೆ 'ಉಜವೀಕಡೆ'. ಆದರೆ ಅಷ್ಟೇ ಹೇಳಿದರೆ ಕಾರು ನೇರ ಅಲೈನ್‌ಮೆಂಟ್ ಯಂತ್ರದ ಮೇಲೆ ಹತ್ತುತ್ತದೆ. ಯಾವಾಗ ಎಳೆಯುತ್ತದೆ, ಯಾವಾಗಿನಿಂದ, ಗಾಳಿ ಎಷ್ಟಿದೆ, ಟೈರ್ ಬದಲಿಸಿ ನೋಡಿದಾಗ ಏನಾಯಿತು, ಯಾವ ಚಕ್ರ ಬಿಸಿಯಾಗಿತ್ತು ಎಂಬ ಐದು ವಿಷಯಗಳನ್ನೂ ಹೇಳಿ. ಆಮೇಲೆ ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.

ಕಾನೂನು ಏನು ಹೇಳುತ್ತದೆ?

ದೋಷವಿದೆ ಎಂದು ಗೊತ್ತಿದ್ದೂ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿದ್ದೂ, ಅಪಾಯಕಾರಿ ಸ್ಥಿತಿಯ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ 1,500 ರೂ.ವರೆಗೆ ದಂಡವಿದೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ. 'ಗೊತ್ತಿರಲಿಲ್ಲ' ಎಂಬ ಉತ್ತರ ಇಲ್ಲಿ ಯಾವಾಗಲೂ ನಡೆಯುವುದಿಲ್ಲ.

ದಾರಿಯಲ್ಲಿ ಹಠಾತ್ ಎಳೆದರೆ?

ಹೆದ್ದಾರಿಯಲ್ಲಿ ಓಡಿಸುತ್ತಿರುವಾಗಲೇ ಕಾರು ಇದ್ದಕ್ಕಿದ್ದಂತೆ ಒಂದು ಕಡೆಗೆ ಎಳೆದರೆ ಟೈರ್‌ನಲ್ಲಿ ಗಾಳಿ ಇಳಿಯುತ್ತಿರಬಹುದು. ಸ್ಟೀರಿಂಗ್ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿಯಿರಿ. ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಿರಿ. ಒಮ್ಮೆಲೇ ಬ್ರೇಕ್ ತುಳಿಯಬೇಡಿ. ವೇಗ ಇಳಿದ ಮೇಲೆ ಇಂಡಿಕೇಟರ್ ಹಾಕಿ ಎಡಬದಿಗೆ ಬಂದು, ರಸ್ತೆಯಿಂದ ಆದಷ್ಟು ಆಚೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಉರಿಸಿ. ಕಾರಿನಲ್ಲಿರುವವರನ್ನು ಸಂಚಾರವಿಲ್ಲದ ಬದಿಯಿಂದ ಇಳಿಸಿ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033ಕ್ಕೆ ಕರೆ ಮಾಡಬಹುದು.

ಊರಿಗೆ ಹೊರಡುವ ಹಿಂದಿನ ದಿನ ಸಾಮಾನು ಕಟ್ಟುವ ಮೊದಲು ಅರ್ಧ ಗಂಟೆ ಕಾರಿಗಾಗಿ ಎತ್ತಿಡಿ. ನಾಲ್ಕು ಟೈರ್ ಜೊತೆಗೆ ಸ್ಟೆಪ್ನಿಯ ಗಾಳಿ ನೋಡಿ, ಖಾಲಿ ರಸ್ತೆಯಲ್ಲಿ ಒಮ್ಮೆ ನೇರ ಓಡಿಸಿ, ಹಿಂದೆ ಯಾರೂ ಇಲ್ಲದಾಗ ಒಮ್ಮೆ ಬ್ರೇಕ್ ಒತ್ತಿ ನೋಡಿ. ನೇರವಾಗಿ ಓಡಿ ನೇರವಾಗಿ ನಿಂತರೆ ನಿಶ್ಚಿಂತೆಯಿಂದ ಹೊರಡಿ. ಬ್ರೇಕ್ ಒತ್ತಿದಾಗ ಎಳೆದರೆ ಮೊದಲು ಗ್ಯಾರೇಜ್, ಆಮೇಲೆ ಊರು.